ಕೇಳಿದವರ ಸಹಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಮನಸ್ಸಿನಲ್ಲೇ ಓದಿಕೊಳ್ಳಲು ಬರುವುದಿಲ್ಲ. ಬಸ್ಸಿನ ಬೋರ್ಡಿರಲಿ, ಮಾತ್ರೆಯ ಜೊತೆ ಬರುವ ಚೀಟಿಯಿರಲಿ, ಬೋಂಡ ಕಟ್ಟಿಕೊಟ್ಟ ಪೇಪರಿರಲಿ, ಕಣ್ಣಿಗೆ ಬಿದ್ದದ್ದು ಬಾಯಿಗೆ ಬಂದೇ ತೀರಬೇಕು. ಒಮ್ಮೆ ಬಿಡದಿ ಬಸ್‌ಸ್ಟಾಂಡಿನ ಗೋಡೆಯ ಮೇಲಿದ್ದ ಮೂಲವ್ಯಾಧಿಯ ಜಾಹೀರಾತನ್ನು ನಿಧಾನವಾಗಿ, ರಾಗವಾಗಿ ಓದುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಮುಟ್ಟಿ, "ನಮ್ಮ ಯಜಮಾನ್ರಿಗೂ ಇತ್ತು ಕಣಮ್ಮ, ಹೆದ್ರಬ್ಯಾಡಿ, ವಾಸಿಯಾಯ್ತದೆ" ಅಂದಳು. ನಾನು ಥ್ಯಾಂಕ್ಸ್ ಹೇಳಿ ಬಸ್ಸು ಹತ್ತಿದೆ. ಬೇರೇನು ಹೇಳಲಿ?

ಕೆಲಸದ ಜಾಗದಲ್ಲಿ ಈ ಅಭ್ಯಾಸದಿಂದ ಯಾರಿಗೂ ತೊಂದರೆಯಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ರಾಮನಗರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಬೈರಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ನಿನ್ನೆಯವರೆಗೆ ರಾಗಿ ಹೊಲವಾಗಿದ್ದದ್ದು ಇವತ್ತು ಕಾಂಪೌಂಡು ಆಗುತ್ತಿತ್ತು. ಅಂಥದೊಂದು ಕಾಂಪೌಂಡಿನ ಮಗ್ಗುಲಲ್ಲಿ ಲಾರಿ ತೂಕ ಹಾಕುವ ವೇಬ್ರಿಡ್ಜ್ ಇತ್ತು. ಅದರ ಗಾಜಿನ ಗೂಡಿನಲ್ಲಿ ಕೂರುವವಳು ನಾನು. ಲಾರಿ ಹತ್ತುತ್ತದೆ, ಕೆಂಪು ಅಂಕಿ ಓಡಿ ನಿಲ್ಲುತ್ತದೆ, ಚೀಟಿ ಪ್ರಿಂಟಾಗುತ್ತದೆ. ಗಾಜಿನ ಕಿಂಡಿಯಲ್ಲಿ ಒಂದು ಕೈ ಬರುತ್ತದೆ, ಚೀಟಿ ತೆಗೆದುಕೊಂಡು ಹೋಗುತ್ತದೆ. ದಿನವಿಡೀ ನಾನು ನೋಡುತ್ತಿದ್ದದ್ದು ಕೈಗಳನ್ನೇ. ಬೇಸರಕ್ಕೆ ಒಂದು ದಿನ ನಾನೇ ಹೋಗಿ ಆ ಕಬ್ಬಿಣದ ಹಾಸಿನ ಮೇಲೆ ನಿಂತು ಬಂದೆ. ಹತ್ತು ಕೆಜಿಗಿಂತ ಕಡಿಮೆ ಲೆಕ್ಕ ಅದಕ್ಕೆ ಗೊತ್ತಿಲ್ಲವಾದ್ದರಿಂದ ಐವತ್ತಾರು ಕೆಜಿಯ ನಾನು ಅರವತ್ತಾಗಿದ್ದೆ. ನನ್ನ ತೂಕವನ್ನು ಹೆಚ್ಚಿಸಿ ಹೇಳಿದ್ದು ಜೀವಮಾನದಲ್ಲಿ ಅದೊಂದೇ.

ಜೋರಾಗಿ ಓದುವ ರೋಗ ಅಂಟಿದ್ದು ಹುಳದ ಮನೆಯಲ್ಲಿ. ನಮ್ಮೂರು ಸಾತನೂರಿನಿಂದ ಒಳಗೆ. ರೇಷ್ಮೆ ಹುಳು ಸಾಕುವ ಮನೆ ನಮ್ಮದು, ಅಥವಾ ರೇಷ್ಮೆ ಹುಳುಗಳು ನಮ್ಮನ್ನು ಸಾಕುತ್ತಿದ್ದ ಮನೆ ಅನ್ನಿ. ಅಕ್ಕ ಗೌರಮ್ಮ ನನಗಿಂತ ಎರಡು ವರ್ಷ ದೊಡ್ಡವಳು. ಏಳನೇ ಕ್ಲಾಸು ಮುಗಿಯುತ್ತಲೇ ಅವಳನ್ನು ಸ್ಕೂಲು ಬಿಡಿಸಿದರು. ಹುಳಕ್ಕೆ ಕೈ ಬೇಕಿತ್ತು, ನಮ್ಮಿಬ್ಬರ ಎರಡು ಜೊತೆ ಕೈಗಳಲ್ಲಿ ದೊಡ್ಡವು ಅಕ್ಕನವಾಗಿದ್ದವು. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತರೆ ನಾನು ಬಾಗಿಲ ಬೆಳಕಿಗೆ ಕೂತು ಸ್ಕೂಲಿನಿಂದ ತಂದ ಪುಸ್ತಕವನ್ನು ಅವಳಿಗೆ ಕೇಳುವಂತೆ ಓದುತ್ತಿದ್ದೆ. ಸಾವಿರಾರು ಹುಳು ಸೊಪ್ಪು ಮೇಯುವ ಚರಚರ ಸದ್ದಿಗಿಂತ ನನ್ನ ದನಿ ಮೇಲಿರಬೇಕಾಗಿತ್ತು.

ರೇಷ್ಮೆಯವರ ಮನೆಯಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು, ಜ್ವರ ಅಂದರೂ ಬೇರೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ಜ್ವರ ಅನ್ನುತ್ತೇವೆ. ಒಟ್ಟು ನಾಲ್ಕು ಜ್ವರ. ಆಗ ಸೊಪ್ಪು ಹಾಕುವಂತಿಲ್ಲ. ಹುಳಕ್ಕೆ ಜ್ವರ ಬಂದರೆ ನಮಗೆ ಹಬ್ಬ, ಒಂದು ಪುಸ್ತಕ ಪೂರ್ತಿ ಮುಗಿಯುತ್ತಿತ್ತು. ನಾಲ್ಕನೇ ಜ್ವರದಿಂದ ಎದ್ದವೋ, ಮುಗಿಯಿತು, ಆ ಹಸಿವಿಗೆ ಊರ ಸೊಪ್ಪೆಲ್ಲ ಸಾಲದು. ಆಗ ನನಗೂ ಸ್ಕೂಲು ಬಂದ್.

ಹಾಗೆ ಒಂದು ಸಲ ರಜಾ ಅರ್ಜಿ ಬರೆದು ಕಳಿಸಿದೆ: "ನಮ್ಮ ಮನೆಯಲ್ಲಿ ನಾಲ್ಕನೇ ಜ್ವರದಿಂದ ಈಗ ತಾನೇ ಎದ್ದಿರುವುದರಿಂದ ನಾಲ್ಕು ದಿನ ರಜೆ ಕೊಡಬೇಕಾಗಿ ಪ್ರಾರ್ಥನೆ." ಸ್ಕೂಲಿಗೆ ಹೊಸದಾಗಿ ಬಂದಿದ್ದ ವಿಜ್ಞಾನದ ಮೇಷ್ಟ್ರು ಕರಾವಳಿಯವರು. ಪಾಪ, ನಾಲ್ಕು ಸಲ ಜ್ವರ ಬಂದ ಮನೆ ಅಂತ ಗಾಬರಿಯಾಗಿ ಸಂಜೆ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬಂದೇಬಿಟ್ಟರು.

"ಹೇಗಿದ್ದಾರೆ ಈಗ?" ಅಂತ ಅವ್ವನನ್ನು ಕೇಳಿದರು.

"ನೆನ್ನೇನೇ ಎದ್ದವೆ ಸಾ. ಈಗ ತಿನ್ನೋ ಭರ ನೋಡ್ಬೇಕು ನೀವು, ಎಷ್ಟು ಹಾಕುದ್ರೂ ಸಾಲ್ದು."

"ಜ್ವರ ಬಿಟ್ಟ ಕೂಡಲೇ ಅಷ್ಟು ತಿನ್ನಬಾರದು ಮಾರಾಯ್ರೆ! ಮಕ್ಕಳು ಎಷ್ಟು ನಿಮಗೆ?"

"ಮಕ್ಕಳು ಎರಡೇ ಸಾ. ಹುಳ ನೂರೈವತ್ತು ಮೊಟ್ಟೆದು."

ಮೇಷ್ಟ್ರು ಬ್ರೆಡ್ಡು, ಮೂಸಂಬಿಯನ್ನು ಅವ್ವನ ಕೈಗಿಟ್ಟು ಬಂದ ದಾರಿಯಲ್ಲೇ ಹೊರಟರು. ಅವರು ಹೋದ ಮೇಲೆ ಅಕ್ಕ ಬ್ರೆಡ್ಡಿಗೆ ಬೆಲ್ಲ ಸವರಿಕೊಂಡು, "ಇನ್ನು ಮ್ಯಾಲೆ ಪ್ರತಿ ಜ್ವರಕ್ಕೂ ಲೆಟ್ರು ಬರಿಯೇ ಮಂಜಿ" ಅಂದಳು.

ನಾವು ಓದುತ್ತಿದ್ದ ಪುಸ್ತಕಗಳೆಲ್ಲ ಹೆಡ್ಮಾಸ್ಟರ ಕೋಣೆಯ ಒಂದೇ ಬೀರುವಿನವು. ಬೀರುವಿನ ಮೇಲೆ 'ಕಿಶೋರ ಸಾಹಿತ್ಯ' ಅಂತ ಬರೆದಿತ್ತು. ಅಷ್ಟೂ ಪುಸ್ತಕವನ್ನು ಕಿಶೋರ ಅನ್ನುವ ಒಬ್ಬರೇ ಬರೆದಿದ್ದಾರೆ ಅಂತ ನಾನು ಬಹಳ ಕಾಲ ನಂಬಿದ್ದೆ. ಅವರಿಗೆ ಕಾಗದ ಕೂಡ ಬರೆದೆ. "ಪೂಜ್ಯ ಕಿಶೋರರವರಿಗೆ, ನಿಮ್ಮ ಕತೆಗಳಲ್ಲಿ ಅಕ್ಕಂದಿರು ಬರೀ ಅಡುಗೆ ಮಾಡಿಕೊಂಡು ಇರುತ್ತಾರೆ. ಇದರಿಂದ ನಮ್ಮ ಅಕ್ಕನಿಗೆ ಬೇಜಾರಾಗಿದೆ. ಮುಂದಿನ ಪುಸ್ತಕದಲ್ಲಿ ಸರಿಪಡಿಸಬೇಕು." ಪೋಸ್ಟ್ ಮಾಡಿ ಅಂತ ಹೆಡ್ಮಾಸ್ಟರ ಕೈಗೆ ಕೊಟ್ಟರೆ ಅವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಿಶೋರ ಅಂದ್ರೆ ಮನುಷ್ಯ ಅಲ್ಲ ಕಣಮ್ಮ, ವಯಸ್ಸು" ಅಂದರು.

ಆ ವಯಸ್ಸು ಯಾವಾಗ ಕಳೆಯಿತೋ ಗೊತ್ತಾಗಲಿಲ್ಲ. ನಾನು ಕನಕಪುರದಲ್ಲಿ ಹಾಸ್ಟೆಲ್ಲು ಸೇರಿದೆ, ಪಿಯುಸಿ ಮಾಡಿದೆ, ಕಂಪ್ಯೂಟರ್ ಕಲಿತೆ. ಅಕ್ಕನನ್ನು ಮಾಗಡಿಗೆ ಕೊಟ್ಟರು. ಭಾವನ ಮನೆಯಲ್ಲಿ ಪವರ್‌ಲೂಮ್ ಮಗ್ಗ, ಅವಳೂ ಮಗ್ಗಕ್ಕೆ ನಿಂತಳು. ಅವ್ವ, ಅಪ್ಪ ಒಬ್ಬರ ಹಿಂದೆ ಒಬ್ಬರು ಹೋದರು. ನನ್ನ ಮದುವೆ ಆಗಲಿಲ್ಲ. ಜಾತಕ ಕೂಡಿದವರಿಗೆ ನಾನು ಕೂಡಲಿಲ್ಲ, ನಾನು ಕೂಡಿದವರಿಗೆ ಜಾತಕ ಕೂಡಲಿಲ್ಲ. ಈ ಮಾತನ್ನು ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ, ಒಬ್ಬಳೇ ಇರುವಾಗ ಮಾತ್ರ ಅದಕ್ಕೆ ನಗು ಬರುವುದಿಲ್ಲ.

ಅಕ್ಕನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಬರುಬರುತ್ತ ಅವಳ ಮಾತು ಕಡಿಮೆಯಾಯಿತು. ಊಟ ಆಯ್ತಾ ಅಂದರೆ "ಮಳೆ ಇಲ್ಲ ಕಣೇ" ಅನ್ನುವಳು. ಎರಡು ನಿಮಿಷಕ್ಕೆ "ಹ್ಞೂ, ಆಯ್ತು, ಇಡ್ಲಾ?" ಅನ್ನುವಳು. ನನ್ನ ಮೇಲೆ ಏನೋ ಮುನಿಸಿದೆ, ಓದಿದ ತಂಗಿ ಅಂತ ದೂರ ಮಾಡುತ್ತಿದ್ದಾಳೆ ಅಂದುಕೊಂಡೆ. ಕೊನೆಗೊಂದು ಸಲ ನನಗೆ ಕಾಮಾಲೆಯಾಗಿ ಬಾಡಿಗೆ ರೂಮಿನಲ್ಲಿ ಒಬ್ಬಳೇ ಮಲಗಿದ್ದೆ. ಗಂಜಿ ಕಾಸಿಕೊಡುವವರಿಲ್ಲ. ಫೋನ್ ಮಾಡಿ, "ಅಕ್ಕ, ನನಗೆ ಕಾಮಾಲೆ ಆಗೈತೆ" ಅಂದೆ.

"ಒಳ್ಳೇದಾಯ್ತು ಬುಡು!" ಅಂದಳು ಅಕ್ಕ. "ನಂಗೆ ಬೋ ಸಂತೋಸ ಕಣೇ."

ನಾನು ಫೋನ್ ಇಟ್ಟೆ. ಆಮೇಲೆ ಎರಡು ವರ್ಷ ಮಾಡಲಿಲ್ಲ. ಅವಳು ಮಾಡಿದಾಗಲೂ ಎತ್ತಲಿಲ್ಲ.

ಆ ಎರಡು ವರ್ಷ ನನಗೆ ಭಾನುವಾರ ಅಂದರೆ ಭಯ. ಶನಿವಾರ ಸಂಜೆ ಅಂಗಡಿಯವನಿಗೆ "ಅರ್ಧ ಲೀಟರ್ ಹಾಲು ಕೊಡಿ" ಅಂದರೆ, ಸೋಮವಾರ ಬೆಳಿಗ್ಗೆ ಸೆಕ್ಯೂರಿಟಿ ಕೆಂಪಣ್ಣನಿಗೆ "ಗೇಟ್ ತೆಗೀರಿ" ಅನ್ನುವ ತನಕ ಬಾಯಿ ತೆರೆಯಲು ಕಾರಣವಿರುತ್ತಿರಲಿಲ್ಲ. ಅದಕ್ಕೇ ಭಾನುವಾರ ಬಸ್ಸು ಹತ್ತಿ ರಾಮನಗರಕ್ಕೆ ಹೋಗಿ, ಏನೂ ಕೊಳ್ಳದೆ, ಜನರ ನಡುವೆ ಓಡಾಡಿ ಬರುತ್ತಿದ್ದೆ. ಯಾರಾದರೂ ಡಿಕ್ಕಿ ಹೊಡೆದು "ಸಾರಿ ಅಕ್ಕ" ಅಂದರೂ ಆ ದಿನಕ್ಕೆ ಸಾಕಾಗುತ್ತಿತ್ತು.

ಹಾಗೆ ತಿರುಗುವಾಗ ಒಂದು ಮನೆಯ ಜಗಲಿಯಲ್ಲಿ 'ವಾಚನಾಲಯ' ಅನ್ನುವ ಬೋರ್ಡು ಕಂಡಿತು. ಎಂದಿನಂತೆ ಜೋರಾಗಿ ಓದಿದೆ. "ಬನ್ನಿ, ಒಳಗೂ ಓದಬಹುದು" ಅಂತ ಒಳಗಿನಿಂದ ಉತ್ತರ ಬಂತು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಮನೆಯ ಮುಂದಿನ ಕೋಣೆಯನ್ನೇ ಲೈಬ್ರರಿ ಮಾಡಿಕೊಂಡಿದ್ದರು. ರಾಜ್ಯೋತ್ಸವದಿಂದ ಸಂಕ್ರಾಂತಿಯವರೆಗೆ 'ಕಿಶೋರ ಓದಿನ ಪಂಥ' ಅಂತ ಇಟ್ಟಿದ್ದರು. ಹನ್ನೆರಡು ಪುಸ್ತಕ ಓದಬೇಕು. ಹೆಸರು ಕೊಟ್ಟಿದ್ದ ಮಕ್ಕಳು ಏಳು. ಉಳಿದವರಿಗೆಲ್ಲ ಟ್ಯೂಷನ್.

"ಎಂಟನೆಯವರು ನೀವಾಗಿ" ಅಂದರು.

"ನನಗೆ ಮೂವತ್ತೆಂಟು ಸಾರ್."

"ಅರ್ಜೀಲಿ ವಯಸ್ಸಿನ ಕಾಲಂ ಹಾಕೇ ಇಲ್ಲ ಕಣಮ್ಮ. ಹೆಣ್ಣುಮಕ್ಕಳನ್ನ ಕೇಳೋದು ಮರ್ಯಾದೆ ಅಲ್ಲ ಅಂತ."

ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿದ ಕಾರ್ಡು ಕೊಟ್ಟರು. ಮೂರು ಕಾಲಂ: ಪುಸ್ತಕ, ಓದಿದವರು, ಕೇಳಿದವರ ಸಹಿ. ಮೂರನೆಯದು ಏನು ಅಂದೆ. "ಓದೋದೇನು ತಾಯಿ, ಯಾರು ಬೇಕಾದ್ರೂ ಓದ್ತಾರೆ. ಓದಿದ ಕತೇನ ಒಬ್ಬರನ್ನ ಕೂರಿಸ್ಕೊಂಡು ಪೂರ್ತಿ ಹೇಳಿ ಸಹಿ ತರ್ಬೇಕು. ಒಂದು ಪುಸ್ತಕಕ್ಕೆ ಒಬ್ಬರು. ಒಬ್ಬರದೇ ಸಹಿ ಎರಡು ಸಲ ಇರಕೂಡದು."

ಏಳು ಮಕ್ಕಳಿಗೆ ಇದೇನು ಕಷ್ಟ? ಮನೆ ತುಂಬ ಜನ. ನಾನು ರೂಮಿಗೆ ಬಂದು, ನನ್ನ ಮಾತನ್ನು ಅರ್ಧ ಗಂಟೆ ಕೂತು ಕೇಳುವವರ ಹೆಸರುಗಳನ್ನು ಒಂದು ವೇಬ್ರಿಡ್ಜ್ ಚೀಟಿಯ ಹಿಂದೆ ಬರೆಯತೊಡಗಿದೆ. ನಾಲ್ಕಕ್ಕೆ ಪೆನ್ನು ನಿಂತಿತು. ಆ ನಾಲ್ಕರಲ್ಲಿ ಒಬ್ಬರು ರೂಮಿನ ಓನರ ತಾಯಿ, ಕೂತಲ್ಲೇ ನಿದ್ದೆ ಮಾಡುವವರು. ಮೊದಲು ಬರೆದದ್ದು ಅಕ್ಕನ ಹೆಸರನ್ನೇ. ಮೊದಲು ಹೊಡೆದು ಹಾಕಿದ್ದೂ ಅದನ್ನೇ. ಮೂವತ್ತೆಂಟು ವರ್ಷ ಬದುಕಿ ಹನ್ನೆರಡು ಜನ ಕೇಳುಗರಿಲ್ಲದ ಮೇಲೆ ಬದುಕಿದ್ದಾದರೂ ಎಲ್ಲಿ ಅಂತ ಅಳು ಬಂತು.

ಆದರೆ ಪುಸ್ತಕ ಶುರು ಮಾಡಿದ ಮೇಲೆ ಅಳುವುದಕ್ಕೆ ಪುರುಸೊತ್ತಾಗಲಿಲ್ಲ. ಹೊಳೆಯಲ್ಲಿ ಅಪ್ಪನ ಹರಿಗೋಲನ್ನು ಕದ್ದು ನಡೆಸುವ ಹುಡುಗಿ. ಅಜ್ಜಿಗೆ ಮರೆವು ಬಂದದ್ದನ್ನು ಮನೆಯವರಿಂದ ಮುಚ್ಚಿಟ್ಟುಕೊಂಡು ತಾನೇ ಸಂಭಾಳಿಸುವ ಹುಡುಗ. ದೊಡ್ಡವರ ಕಾದಂಬರಿಗಳಲ್ಲಿ ಜನ ಸಹಿಸಿಕೊಂಡು ಹೋಗುವುದನ್ನು ಓದಿ ಓದಿ, ಸಹಿಸುವುದೇ ಬುದ್ಧಿವಂತಿಕೆ ಅಂತ ನಾನೂ ತಿಳಿದುಬಿಟ್ಟಿದ್ದೆ. ಇಲ್ಲಿ ಹದಿನಾಲ್ಕು ವರ್ಷದವರು ಬಾಗಿಲು ಧಡಾರನೆ ಹಾಕಿಕೊಂಡು ಮನೆ ಬಿಡುತ್ತಾರೆ, ತಪ್ಪು ಮಾಡುತ್ತಾರೆ, ನಾಚಿಕೆಯಿಲ್ಲದೆ ವಾಪಸು ಬಂದು "ಹಸಿವು" ಅನ್ನುತ್ತಾರೆ. ಲಾರಿ ಹಾರನ್ ಹೊಡೆದರೂ ನನಗೆ ಕೇಳುತ್ತಿರಲಿಲ್ಲ.

ಕೇಳುಗರೂ ಹೇಗೋ ಸಿಕ್ಕರು. ಕೆಂಪಣ್ಣ ಹರಿಗೋಲಿನ ಕತೆ ಕೇಳಿ, "ಆ ಹುಡುಗಿಗೆ ಲೈಫ್ ಜಾಕೆಟ್ ಕೊಡಬೇಕಿತ್ತು ಮೇಡಂ" ಅಂತ ಸೆಕ್ಯೂರಿಟಿ ದೃಷ್ಟಿಯಿಂದ ಅಭಿಪ್ರಾಯ ಕೊಟ್ಟ. ಸೇಲಂ ಕಡೆಯ ಡ್ರೈವರೊಬ್ಬ ಲೋಡು ಇಳಿಯುವ ತನಕ ಕೂತು ಕೇಳಿ ತಮಿಳಿನಲ್ಲಿ ಸಹಿ ಹಾಕಿದ. ಮುಂದಿನ ಟ್ರಿಪ್ಪಿಗೆ ಬಂದಾಗ ಚೀಟಿಗಿಂತ ಮೊದಲು ಆ ಮರೆವಿನ ಅಜ್ಜಿಯ ಆರೋಗ್ಯ ವಿಚಾರಿಸಿದ. ಓನರ ತಾಯಿ ಎರಡನೇ ಮಾತಿಗೇ ನಿದ್ದೆ ಹೋದರೂ ಎದ್ದು, "ಬೋ ಚೆಂದಾಗಿತ್ತು" ಅಂತ ಹೆಬ್ಬೆಟ್ಟು ಒತ್ತಿದರು.

ಹನ್ನೊಂದನೆಯವನು ಪಂಕ್ಚರ್ ಅಂಗಡಿಯ ಸಿದ್ದರಾಜು. ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟ ಹುಡುಗ ಕೊನೆಗೆ ವಾಪಸು ಹೋಗುವ ಕತೆ ಹೇಳಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೇಳಿದ. ಅವನೂ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಅಪ್ಪನೊಂದಿಗೆ ಕಿತ್ತಾಡಿ ಬಂದವನು, ಹತ್ತು ವರ್ಷವಾಗಿತ್ತಂತೆ.

"ಎಲ್ಲಾ ಸರಿ ಮೇಡಂ" ಅಂದ. "ವಾಪಸ್ ಹೋದ ಅಂತ ಬರ್ದವ್ರಲ್ಲ, ಅದೊಂದು ಮಾತ್ರ ಸುಳ್ಳು. ಯಾರೂ ಹೋಗಾಕಿಲ್ಲ."

ಅವನು ಸಹಿ ಹಾಕಿದ ಮೇಲೆ ಕಾರ್ಡಿನಲ್ಲಿ ಒಂದು ಸಾಲು ಉಳಿಯಿತು. ಇನ್ನು ಒಬ್ಬರನ್ನು ಹುಡುಕುವುದು ಕಷ್ಟವಿರಲಿಲ್ಲ, ನಾನು ಮಧ್ಯಾಹ್ನ ಊಟ ಮಾಡುವ ಮೆಸ್ಸಿನ ಆಂಟಿ ತಾವಾಗಿಯೇ ಕೇಳಿದ್ದರು. ಆದರೆ ಅಕ್ಕ ಕೇಳದಿದ್ದರೆ ಈ ಹನ್ನೊಂದು ಜನ ಕೇಳಿದ್ದೂ ನನಗೆ ಕೇಳಿದಂತೆ ಅನ್ನಿಸುತ್ತಿರಲಿಲ್ಲ. ಒಳ್ಳೇದಾಯ್ತು ಬುಡು ಅಂತ ಯಾಕೆ ಅಂದೆ ಅಂತಲೂ ಅವಳನ್ನು ಕೇಳಬೇಕಿತ್ತು. ಸಂಕ್ರಾಂತಿಗೆ ಎರಡು ವಾರವಿರುವಾಗ, ಹನ್ನೆರಡನೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಾಗಡಿ ಬಸ್ಸು ಹತ್ತಿದೆ.

ಅಕ್ಕನ ಬೀದಿಯಲ್ಲಿ ಮನೆಮನೆಗೂ ಮಗ್ಗ. ಧಡಕ್ ಧಡಕ್ ಅನ್ನುವ ಸದ್ದಿಗೆ ಎದೆಯೇ ನಡುಗುತ್ತಿತ್ತು. ಅಕ್ಕ ಜಗಲಿಯಲ್ಲಿ ನೆನೆಸಿದ ಅವರೆಕಾಳಿನ ಬೇಸಿನ್ ಇಟ್ಟುಕೊಂಡು ಸಿಪ್ಪೆಯಿಂದ ಬೇಳೆ ಹಿತಕುತ್ತಿದ್ದಳು. ನನ್ನನ್ನು ನೋಡಿದ್ದೇ ಎದ್ದು ಬಂದು ಒದ್ದೆ ಕೈಯಲ್ಲೇ ಗಲ್ಲ ಹಿಡಿದಳು.

"ಬಂದ್ಯೇನೇ ಮಂಜಿ! ಹಿಂಗೆ ಸೊರಗೋಗಿದ್ದೀಯಲ್ಲೇ!"

ಎರಡು ವರ್ಷ ಫೋನ್ ಎತ್ತದ ತಂಗಿಯ ಮೇಲೆ ಒಂದಿಷ್ಟಾದರೂ ಸಿಟ್ಟು ಬೇಡವೇ? ನನಗೇ ಸಿಟ್ಟು ಬಂತು. ಅದನ್ನು ನುಂಗಿಕೊಂಡು, ಪಂಥದ ವಿಷಯ ಕೂಗಿ ಹೇಳಿ, ಕತೆ ಶುರು ಮಾಡಿದೆ. ನಾಟಕ ಕಂಪನಿ ಸೇರಿಕೊಳ್ಳುವ ಹುಡುಗಿಯ ಕತೆ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತ ತಲೆಯಾಡಿಸಿದಳು. ಹುಡುಗಿಯ ತಾಯಿ ಸಾಯುವ ಕಡೆ ನಕ್ಕಳು. ಮಗ್ಗದ ಸದ್ದಿಗೆ ಕೇಳಿಸಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ಎಲ್ಲೋ ಒಂದು ಕೋಳಿ ಕೂಗಿದ್ದು ಸ್ಪಷ್ಟವಾಗಿ ಕೇಳಿತು. ಅಕ್ಕ ಬೇಸಿನ್ನಿನ ಮೇಲೆ ಬಗ್ಗಿ ಕಾಳು ಆಯುತ್ತಿದ್ದಳು. ನಾನು ಸಾಧಾರಣ ದನಿಯಲ್ಲಿ ಕತೆ ಮುಂದುವರಿಸಿ, ನಡುವೆ ನಿಲ್ಲಿಸಿ, "ಕೇಳ್ತಾ ಇದ್ದೀಯಾ ಅಕ್ಕ?" ಅಂದೆ. ಅವಳು ಇನ್ನೊಂದು ಕಾಳು ಎತ್ತಿಕೊಂಡಳು. "ಅಕ್ಕ" ಅಂದೆ. "ನನಗೆ ಕಾಮಾಲೆ ಆದಾಗ ಒಳ್ಳೇದಾಯ್ತು ಅಂದ್ಯಲ್ಲ, ಯಾಕೆ?" ಬೇಳೆ ಪುಳಕ್ ಅಂತ ಸಿಪ್ಪೆ ಬಿಟ್ಟು ಬಟ್ಟಲಿಗೆ ಬೀಳುತ್ತಿತ್ತು. ಅವಳು ತಲೆಯೆತ್ತಲಿಲ್ಲ.

ಬಗ್ಗಿ ಅವಳ ಭುಜ ಮುಟ್ಟಿದೆ. ತಲೆಯೆತ್ತಿ ನನ್ನ ಮುಖ ನೋಡಿದವಳಿಗೆ ಎಲ್ಲ ತಿಳಿಯಿತು.

"ಎಡಗಡೆ ಕಿವಿ ಪೂರ್ತಿ ಹೋಗೈತೆ ಕಣೇ" ಅಂದಳು, ಕದ್ದು ಸಿಕ್ಕಿಬಿದ್ದವಳಂತೆ. "ಬಲಗಡೆದು ಒಸಿ ಒಸಿ. ಮಗ್ಗದ ಸದ್ದು ನೋಡು."

"ಯಾಕೆ ಹೇಳ್ಲಿಲ್ಲ?" ಅಂತ ಅವಳ ಮುಂದೆ ಕೂತು ಕೂಗಿದೆ.

"ನೀನು ಹೇಳೋಳು, ನಾನು ಕೇಳೋಳು. ಕೇಳ್ಸಲ್ಲ ಅಂದ್ರೆ ನೀ ಬರೋದೇ ಬುಟ್ಬುಡ್ತೀಯ ಅಂತ."

ಕಾಮಾಲೆಯ ಮಾತನ್ನು ಕೂಗಿ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. "ಕೆಲ್ಸ ಕಾಯಂ ಆಗೈತೆ ಅಂದ್ಯಲ್ಲ ಅವತ್ತು? ರಂಗನಾಥಸ್ವಾಮಿಗೆ ಕಾಯಿ ಒಡಿಸ್ದೆ ಕಣೇ" ಅಂದಳು. ಕಾಯಂ ಅಲ್ಲ, ಕಾಮಾಲೆ, ಕಾಮಾಲೆ ಅಂತ ಮೂರು ಸಲ ಕೂಗಿದರೂ ಕಾಯಂ ಕಾಯಂ ಆಗಿಯೇ ಉಳಿಯಿತು. ಕೊನೆಗೆ ಪಂಥದ ಕಾರ್ಡಿನ ಹಿಂದೆ ಬರೆದು ತೋರಿಸಿದೆ. ಅವಳು ಬೆರಳಿಟ್ಟು, "ಕಾ... ಮಾ... ಲೆ" ಅಂತ ಓದಿದಳು. ಆಮೇಲೆ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡು ಅತ್ತಳು. ನಾನೂ ಅತ್ತೆ. ಕಾಮಾಲೆಗೆ ಕಾಯಿ ಒಡೆಸಿಕೊಂಡವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸಿ ನಡುವೆ ನಗುವೂ ಬಂತು.

ಮೂಗು ಒರೆಸಿಕೊಂಡು ಅಕ್ಕ ಕೇಳಿದಳು: "ಕತೇನೂ ಹಿಂಗೇ ಬರ್ದುಕೊಡ್ತೀಯೇನೇ?"

ಅದು ಬರೆದೇ ಇತ್ತಲ್ಲ! ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಮೊದಲ ಪುಟ ತೆಗೆದು ಓದತೊಡಗಿದಳು. ಏಳನೇ ಕ್ಲಾಸಿಗೆ ನಿಂತ ಓದು. ಒತ್ತಕ್ಷರ ಬಂದಲ್ಲೆಲ್ಲ ಎಡವುವಳು, ಹಿಂದೆ ಹೋಗಿ ಮತ್ತೆ ಹಿಡಿಯುವಳು. ತನ್ನ ದನಿ ತನಗೇ ಕೇಳದ್ದರಿಂದ ಊರಿಗೆಲ್ಲ ಸಾರುವಂತೆ ಓದುವಳು. ಎದುರು ಮನೆಯವರು ಇಣುಕಿ ನೋಡಿದರು. ನಾನು ಬೇಸಿನ್ ಎಳೆದುಕೊಂಡು ಬೇಳೆ ಹಿತಕುತ್ತ ಕೂತೆ. ಬಸ್ಸಿನ ಹೊತ್ತಾಗುವುದರೊಳಗೆ ನಾಲ್ಕು ಪುಟವಾಗಿತ್ತು. "ಬರೋ ವಾರ ಬತ್ತೀಯಲ್ಲ?" ಅಂದಳು.

ಆ ಪುಸ್ತಕಕ್ಕೆ ಹನ್ನೊಂದು ಭಾನುವಾರ ಬೇಕಾಯಿತು. ಪಂಥ ಮುಗಿದದ್ದು ಮೂರನೇ ಭಾನುವಾರದ ಹೊತ್ತಿಗೇ. ಬಹುಮಾನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹೋಯಿತು. ಡ್ರಾಯಿಂಗ್ ಮೇಷ್ಟ್ರು ನನ್ನ ಕಾರ್ಡು ನೋಡಿ, "ಒಂದೇ ಒಂದು ಉಳಿಸ್ಕೊಂಡ್ರಲ್ಲಮ್ಮ" ಅಂತ ಪೇಚಾಡಿದರು. ಇನ್ನೂ ಓದ್ತಾ ಇದ್ದೀವಿ ಸಾರ್ ಅಂದೆ.

ಕೊನೆಯ ಪುಟ ಮುಗಿದ ದಿನ ಅಕ್ಕ ಪುಸ್ತಕ ಮುಚ್ಚಿ ಸೆರಗಿನಲ್ಲಿ ಅದರ ರಟ್ಟು ಒರೆಸಿದಳು. ನಾನು ಕಾರ್ಡು, ಪೆನ್ನು ಅವಳ ಮುಂದೆ ಹಿಡಿದು, ಅವಳು ಸಹಿ ಹಾಕಬೇಕಾದ ಜಾಗ ತೋರಿಸಿದೆ. ಅವಳು ಕಾಲಂಗಳ ತಲೆಬರಹವನ್ನು ಬೆರಳಿಟ್ಟು ಓದಿದಳು. ಓದಿದವರು ಅನ್ನುವ ಕಡೆ, ಹನ್ನೊಂದು ಸಲ ಬರೆದ ನನ್ನ ಹೆಸರಿನ ಕೆಳಗೆ, ಗೌರಮ್ಮ ಅಂತ ದುಂಡಗೆ ಬರೆದಳು. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟಳು.

"ಇಲ್ಲಿ ನೀ ಹಾಕೇ" ಅಂದಳು. "ಕೇಳ್ದೋಳು ನೀನು."